ನಿಮ್ಮ ದೊಡ್ಡಮ್ಮನ ಬಗ್ಗೆ ಇನ್ನೊಮ್ಮೆ ಬರೆಯಿರಿ

ಪ್ರಿಯ ಸೋದರಿ,

ನಮಸ್ಕಾರ. ಕಾಸರಗೋಡಿನ ಎಣ್ಮಕಜೆಯಲ್ಲಿ ಸುವಾರ್ತೆಗೂ ಊರಿನ ಸೇವೆಗೂ ಬದುಕನ್ನು ಮುಡಿಪಿಟ್ಟ ನಿಮ್ಮ ದೊಡ್ಡಮ್ಮನನ್ನು ಕುರಿತ ‘ಸೇವೆಯ ಸಾಕಾರಮೂರ್ತಿ’ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಬಹಳ ಒಳ್ಳೆಯ ಬರಹವೊಂದಿದೆ. ಅದು ಹೊರಬರಬೇಕೆಂಬ ಆಸೆಯಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲ ಎರಡು ಪುಟಗಳಲ್ಲಿ ಅವರು ತ್ಯಾಗಮಯಿ, ಕರುಣಾಮಯಿ, ಬಡವರ ಪಾಲಿನ ದೇವತೆ. ಇಷ್ಟನ್ನು ಓದಿದ ಮೇಲೂ ನನಗೆ ಅವರ ಮುಖ ಕಾಣಿಸಲಿಲ್ಲ. ಐದನೆಯ ಪುಟದಲ್ಲಿ, ಬೇರೇನನ್ನೋ ಹೇಳುತ್ತಿರುವಾಗ, ‘ಮಲಯಾಳ ಓದಲು ಬಾರದ ತಾಯಂದಿರಿಗೆ ಅರ್ಜಿ ಬರೆದುಕೊಡುತ್ತ’ ಎಂದು ಅರ್ಧ ವಾಕ್ಯ ಬರೆದು ಮುಂದೆ ಹೋಗಿದ್ದೀರಿ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಅವರು ‘1948ರಲ್ಲಿ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ’ ಹುಟ್ಟಿದರೆಂದು ಬರೆದಿದ್ದೀರಿ. ಆಗ ಕೇರಳ ರಾಜ್ಯವೇ ಇರಲಿಲ್ಲ. ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅದು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ಜಿಲ್ಲೆಯಾದದ್ದು 1984ರಲ್ಲಿ. ಇದನ್ನು ಬರಿಯ ಇಸವಿಯ ತಪ್ಪೆಂದು ತಿದ್ದಿ ಸುಮ್ಮನಾಗಬೇಡಿ. ಕನ್ನಡ ಶಾಲೆಯಲ್ಲಿ ಕಲಿತು, ಕನ್ನಡದಲ್ಲಿ ಕೀರ್ತನೆ ಹಾಡಿ ಬೆಳೆದ ಹುಡುಗಿಯ ಎಂಟನೆಯ ವಯಸ್ಸಿನಲ್ಲಿ ಅವಳ ಮನೆ, ಕ್ರೈಸ್ತ ಸಭೆ, ಶಾಲೆ ಇದ್ದಲ್ಲೇ ಇದ್ದು ರಾಜ್ಯ ಬದಲಾಯಿತು. ಮುಂದೆ ಅವರು ಹಟ ಹಿಡಿದು ಮಲಯಾಳ ಕಲಿತರು ಎಂದಿದ್ದೀರಿ. ಯಾರಿಂದ ಕಲಿತರು? ಏಕೆ ಕಲಿತರು? ತನಗಾಗಿ ಕಲಿತ ಭಾಷೆ ನೆರೆಮನೆಯವರಿಗೆ ಆಸರೆಯಾದದ್ದು ಯಾವಾಗ?

‘ಎಂಡೋಸಲ್ಫಾನ್ ಸಂತ್ರಸ್ತರ ಕಣ್ಣೀರು ಒರೆಸಿದರು’ ಎಂಬುದು ನಿಮ್ಮ ಇನ್ನೊಂದು ಸಾಲು. ಅವರು ಮಾಡಿದ ಕೆಲಸವನ್ನೆಲ್ಲ ಈ ಸಾಲು ಮುಚ್ಚಿಹಾಕುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿಯಿತು. ನಿಮ್ಮ ಪಂಚಾಯತಿನ ಪಡ್ರೆ, ಸ್ವರ್ಗದ ಕಡೆಯ ಮನೆಗಳಲ್ಲಿ ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ. ಅಷ್ಟು ವರ್ಷ ಒಂದೊಂದು ಮನೆಯೂ ವೈದ್ಯಕೀಯ ಶಿಬಿರ, ಪಟ್ಟಿ, ಪ್ರಮಾಣಪತ್ರಗಳ ಹಿಂದೆ ಅಲೆಯಿತು. ಎದ್ದು ಕೂರಲಾಗದ ಮಗುವನ್ನು ಬಿಟ್ಟು ತಾಯಿ ಪೆರ್ಲದ ಪೇಟೆಗೂ ಹೋಗುವಂತಿಲ್ಲ. ನಿಮ್ಮ ದೊಡ್ಡಮ್ಮ ಬೆಳಗ್ಗೆ ಬಂದು ಮಗುವಿನ ಹತ್ತಿರ ಕೂರುತ್ತಿದ್ದರು. ತಾಯಿ ಸ್ನಾನ ಮಾಡಿ, ರೇಷನ್ ಅಂಗಡಿಗೆ ಹೋಗಿ ಬರುತ್ತಿದ್ದಳು. ಇದು ನಿಮ್ಮ ಲೇಖನದಲ್ಲೇ ಇದೆ, ಆದರೆ ಕಂಸದೊಳಗೆ! ಅದನ್ನು ಹೊರಗೆ ತನ್ನಿ. ಒಂದೇ ಒಂದು ಬೆಳಗನ್ನು ಆರಿಸಿಕೊಂಡು ಎರಡು ಪುಟ ಬರೆಯಿರಿ. ಮಗುವಿಗೆ ಗಂಜಿ ಹೇಗೆ ಕುಡಿಸುತ್ತಿದ್ದರು, ಮಗ್ಗುಲು ಹೇಗೆ ತಿರುಗಿಸುತ್ತಿದ್ದರು, ಅದು ಅತ್ತರೆ ಏನು ಹಾಡುತ್ತಿದ್ದರು ಎಂಬುದೆಲ್ಲ ನನಗೆ ಬೇಕು.

ಇನ್ನು, ನನ್ನನ್ನು ಹೆಚ್ಚು ಕಾಡಿದ ವಿಷಯ. ‘ಅವರು ಎಂದೂ ಮತಪ್ರಚಾರ ಮಾಡಿದವರಲ್ಲ’ ಎಂದು ಮೂರು ಕಡೆ ಬರೆದಿದ್ದೀರಿ. ಆದರೆ ನಿಮ್ಮದೇ ಪುಟಗಳಲ್ಲಿ ಅವರ ಚೀಲದ ತುಂಬ ಲೂಕನ ಸುವಾರ್ತೆಯ ಸಣ್ಣ ಪುಸ್ತಕಗಳಿವೆ. ಹೋದ ಮನೆಯಲ್ಲೆಲ್ಲ ಅವರು ಯೇಸುವಿನ ಕಥೆ ಹೇಳುತ್ತಾರೆ, ಅನುಮತಿ ಕೇಳಿ ಪ್ರಾರ್ಥನೆ ಮಾಡುತ್ತಾರೆ. ಅವರ ಅಜ್ಜಿಯೂ ಬಾಸೆಲ್ ಮಿಷನ್ನಿನ ಕಾಲದಲ್ಲಿ ಮನೆಮನೆಗೆ ನಡೆದು ಹೆಂಗಸರಿಗೆ ಬೈಬಲಿನ ವಾಕ್ಯ ಓದಿ ಹೇಳುತ್ತಿದ್ದವರು. ಇಂದಿನ ದಿನಗಳಲ್ಲಿ ನೀವು ಹೆದರುವುದು ನನಗೆ ಅರ್ಥವಾಗುತ್ತದೆ. ಆದರೂ ಅವರ ವಿಶ್ವಾಸವನ್ನು ಬಚ್ಚಿಟ್ಟು ಸೇವೆಯನ್ನಷ್ಟೇ ಮುಂದಿಟ್ಟರೆ, ಆ ಹೆಂಗಸು ಬೆಳಗ್ಗೆ ನಾಲ್ಕಕ್ಕೆ ಏಕೆ ಏಳುತ್ತಿದ್ದರು ಎಂಬುದಕ್ಕೆ ಓದುಗರಿಗೆ ಉತ್ತರವೇ ಸಿಗುವುದಿಲ್ಲ. ಮುಖದ ಮೇಲೆ ಬಾಗಿಲು ಹಾಕಿಕೊಂಡ ಮನೆಯನ್ನೂ ಬರೆಯಿರಿ. ಆ ಮನೆಯವರ ಕೋಪಕ್ಕೆ ಅವರದೇ ಕಾರಣವಿದ್ದಿರಬಹುದು, ಅದನ್ನು ಕೇಳಿ ತಿಳಿದು ಬರೆಯಿರಿ. ‘ನಿನ್ನ ದೇವರು ನಿನಗಿರಲಿ, ನನ್ನ ಭೂತ ನನಗಿರಲಿ, ನಾಳೆಯೂ ಬಾ’ ಎಂದ ಅಜ್ಜಿಯನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ. ದೊಡ್ಡಮ್ಮ ಹತ್ತು ವರ್ಷ ಆ ಅಜ್ಜಿಯ ಮನೆಗೆ ಹೋದರಲ್ಲ, ಒಬ್ಬರೂ ಸಭೆಗೆ ಸೇರದಿದ್ದರೂ. ಇಡೀ ಲೇಖನದಲ್ಲಿ ನನ್ನ ಕಣ್ಣು ತುಂಬಿದ್ದು ಆ ಜಾಗದಲ್ಲಿ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿಸಿದರು; ಕನ್ನಡದ ಓದುಗರು ಅದನ್ನು ತಮ್ಮದಾಗಿಯೇ ಓದಿದರು. ಅಂಥ ಓದುಗರು ಇಂದಿಗೂ ಇದ್ದಾರೆಂದು ನಂಬಿ ಬರೆಯಿರಿ.

ಸಣ್ಣ ತಿದ್ದುಪಡಿಗಳು: ಬಾಸೆಲ್ ಮಿಷನ್ನಿನವರು ‘ಬ್ರಿಟಿಷ್ ಪಾದ್ರಿಗಳು’ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲಿನದು, ಪ್ರೊಟೆಸ್ಟೆಂಟರದು. ಬೇಳದ ಇಗರ್ಜಿ (ಚರ್ಚು) ಕಥೋಲಿಕರದು. ದೊಡ್ಡಮ್ಮ ಅಲ್ಲಿಗೆ ಹಬ್ಬಕ್ಕೆ ಹೋಗುತ್ತಿದ್ದರೆ ಹಾಗೆಂದೇ ಬರೆಯಿರಿ, ಇಲ್ಲವಾದರೆ ಓದುಗರು ಗಲಿಬಿಲಿಗೊಳ್ಳುತ್ತಾರೆ. ಕೊನೆಯಲ್ಲಿರುವ ಸನ್ಮಾನಗಳ ಪಟ್ಟಿಯನ್ನು ತೆಗೆಯಿರಿ. ಶೀರ್ಷಿಕೆಯನ್ನೂ ಬದಲಿಸಿ.

ಎಂಟು ಪುಟ ಮೀರದಿರಲಿ. ಕಳುಹಿಸುವ ಮೊದಲು ಆ ಮನೆಗಳಿಗೆ ನೀವೇ ಹೋಗಿ, ಅವರ ಬಗ್ಗೆ ಬರೆದಿರುವ ಭಾಗವನ್ನು ಓದಿ ಹೇಳಿ. ಮಕ್ಕಳ ಹೆಸರು ಅಚ್ಚಾಗಲು ತಾಯಂದಿರು ಒಪ್ಪಿದರೆ ಮಾತ್ರ ಹೆಸರು ಹಾಕೋಣ.

ವಿಶ್ವಾಸದಿಂದ,
ಸಂಪಾದಕ