ಜೆಂಟಿ ಮುಂದಿನ ಸೀಸನ್ ಎದ್ದು ಬರ್ತಾನಾ?

ಪ್ರಶ್ನೆ: ಸರ್, ಅಮೆರಿಕದಲ್ಲಿರೋ ನಮ್ಮ ಭಾವನಿಂದ ನಂಗೆ ಈ ಎನ್‌ಎಫ್‌ಎಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಹುಚ್ಚು ಹತ್ತಿದ್ದು. ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು, ರಾತ್ರಿ ಎರಡು ಗಂಟೆಗೆ ಲಾಸ್ ವೇಗಸ್ ರೈಡರ್ಸ್ ಮ್ಯಾಚ್ ಹಾಕ್ಕೊಂಡು ಕೂರ್ತೀನಿ. 2025ರ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನ ಟೀಮ್‌ಗಳು ಸರದಿ ಮೇಲೆ ಆರಿಸ್ಕೊಳ್ಳೋದು) 6ನೇ ಆಯ್ಕೆಯಾಗಿ ಬಾಲ್ ಹಿಡಿದು ಓಡೋ ರನ್ನಿಂಗ್ ಬ್ಯಾಕ್ ಆಶ್ಟನ್ ಜೆಂಟಿನ ತಗೊಂಡಾಗ ತುಂಬಾ ಖುಷಿಯಾಗಿತ್ತು, ಆದ್ರೆ ಮೊದಲ ಸೀಸನ್‌ನಲ್ಲಿ ಒಂದು ಓಟಕ್ಕೆ ಸರಾಸರಿ 4 ಗಜಾನೂ ಬರ್ಲಿಲ್ಲ. ಭಾವ ನೋಡಿದ್ರೆ ಇವನ ಕಥೆ ಇಷ್ಟೇ ಅಂತಾರೆ. ನಿಜಾನಾ ಸರ್?
— ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ, ನಿಮ್ಮ ಭಾವ ಅವಸರ ಮಾಡ್ತಿದಾರೆ. ಈ ಹುಡುಗ ಸುಧಾರಿಸ್ತಾನೆ ಅಂತ್ಲೇ ನನ್ನ ನಂಬಿಕೆ.

ಒಂದು ಕೆಲ್ಸ ಮಾಡಿ, ಹಳೇ ಮ್ಯಾಚ್ ಯಾವ್ದಾದ್ರೂ ಹಾಕಿ ಅವನ ಕೈಗೆ ಬಾಲ್ ಬಂದ ಕೂಡ್ಲೇ ನಿಲ್ಲಿಸಿ ನಿಲ್ಲಿಸಿ ನೋಡಿ, ಗಜ ಎಣಿಸ್ಬೇಡಿ, ಅವನ ಮೇಲೆ ಮೊದಲ್ನೇ ಕೈ ಎಲ್ಲಿ ಬೀಳುತ್ತೆ ಅನ್ನೋದಷ್ಟೇ ನೋಡಿ. ಎಷ್ಟೋ ಸಲ ಬಾಲ್ ಇಟ್ಟು ಆಟ ಶುರು ಮಾಡೋ ಗೆರೆ ಹಿಂದೇನೇ ಬೀಳುತ್ತೆ. ಕಬಡ್ಡಿಲಿ ರೈಡರ್ ಮಧ್ಯದ ಗೆರೆ ದಾಟೋಕೆ ಮುಂಚೆನೇ ಹಿಡ್ಕೊಂಡಂಗೆ, ಆಮೇಲೆ ಅವನೇನ್ ಮಾಡ್ತಾನೆ ಪಾಪ? ಮುಂದೆ ನಿಂತು ದಾರಿ ಬಿಡಿಸೋ ಐದು ಜನರಲ್ಲಿ (ಇದಕ್ಕೇ ಲೈನ್ ಅನ್ನೋದು) ಎಡತುದೀಲಿ ನಿಲ್ಲೋ ಟ್ಯಾಕಲ್ ಕೋಲ್ಟನ್ ಮಿಲ್ಲರ್ ಸೀಸನ್ ಶುರುವಾದ ಕೆಲವೇ ವಾರಕ್ಕೆ ಕಾಲಿಗೆ ಪೆಟ್ಟು ಮಾಡ್ಕೊಂಡು ಹೊರಗೆ ಹೋದ್ರು.

ಲೈನ್ ಎಷ್ಟು ಮುಖ್ಯ ಅಂದ್ರೆ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲೀನೇ ನೋಡಿ, 2023ರಲ್ಲಿ ಜೈಂಟ್ಸ್‌ನಲ್ಲಿ ಸರಾಸರಿ 3.9 ಗಜ, ಮುಂದಿನ ವರ್ಷ ಈಗಲ್ಸ್‌ಗೆ ಹೋದ್ರು, 2,005 ಗಜ, ಸರಾಸರಿ 5.8. ಕಾಲು ಅವೇ ಅಲ್ವಾ? ಇನ್ನು ಹೊಸಬರ ಲೆಕ್ಕಕ್ಕೆ ಮೆಲ್ವಿನ್ ಗಾರ್ಡನ್ ಇದಾರೆ, 2015ರಲ್ಲಿ ಚಾರ್ಜರ್ಸ್‌ಗೆ ಬಂದು 184 ಸಲ ಓಡಿ ಒಂದೂ ಟಚ್‌ಡೌನ್ (ಬಾಲ್ ಸಮೇತ ಎದುರಾಳಿ ಕಡೆಯ ಕೊನೇ ಗೆರೆ ದಾಟೋದು) ಇಲ್ಲ, ಅವಾಗ್ಲೂ ಜನ ಹಿಂಗೇ ಬೈದಿದ್ರು, ಮಾರನೇ ವರ್ಷ ಓಡಿ ಹೊಡೆದಿದ್ದು 10.

ಜೆಂಟಿಗೆ ಪ್ರತಿಭೆ ಇಲ್ಲ ಅಂತ ಯಾರೂ ಹೇಳೋ ಹಂಗಿಲ್ಲ. 2024ರಲ್ಲಿ ಬೋಯ್ಸಿ ಸ್ಟೇಟ್ ಕಾಲೇಜಿಗೆ 2,601 ಗಜ ಓಡಿದ್ದು ಸುಮ್ನೆ ಮಾತಲ್ಲ, ಒಂದೇ ಸೀಸನ್‌ನಲ್ಲಿ ಅದಕ್ಕಿಂತ ಜಾಸ್ತಿ ಓಡಿದ್ದು 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಒಬ್ಬರೇ. ಅಲ್ಲಿ ಅವನು ಬಾಲ್ ಬರೋಕೆ ಮುಂಚೆ ಬಗ್ಗದೇ ನೆಟ್ಟಗೆ ನಿಂತು ಇಡೀ ಮೈದಾನ ನೋಡ್ತಿದ್ದ. ರೈಡರ್ಸ್‌ಗೆ ಬಂದ್ಮೇಲೆ ಆ ನಿಲುವು ಬದಲಾಯ್ತು, ನಾಲ್ಕನೇ ವಾರ ಬೇರ್ಸ್ ಮೇಲೆ ಮತ್ತೆ ಹಳೇ ಥರ ನಿಂತ, ಅವತ್ತು 138 ಗಜ! ಇಂಥ ಹುಡುಗನ ಅಭ್ಯಾಸ ಕೆಡಿಸ್ಬಾರ್ದು ಸಾರ್, ನಂಗೆ ಅದೇ ಹೊಟ್ಟೆ ಉರಿಯೋದು.

ಹಂಗಂತ ಎಲ್ಲಾ ಲೈನ್ ಮೇಲೆ ಹಾಕಿ ಕೂರೋಕೂ ಆಗಲ್ಲ. ಟ್ರೆಂಟ್ ರಿಚರ್ಡ್‌ಸನ್ 2012ರಲ್ಲಿ 3ನೇ ಆಯ್ಕೆ, ಮಾರನೇ ವರ್ಷ ಬ್ರೌನ್ಸ್ ಬಿಟ್ಟು ಕೋಲ್ಟ್ಸ್‌ಗೆ ಹೋದ್ರೂ ಸುಧಾರಿಸ್ಲೇ ಇಲ್ಲ, ಯಾಕಂದ್ರೆ ಸಂದು ಇದ್ರೂ ಕಾಣ್ದೆ ಸ್ವಂತ ಟೀಮಿನವರ ಬೆನ್ನಿಗೇ ಹೋಗಿ ಗುದ್ದೋರು. ಜೆಂಟಿಲಿ ಆ ಕಾಯಿಲೆ ನಂಗೆ ಕಾಣಲ್ಲ. ಅವನು ಕಲೀಬೇಕಾಗಿರೋದು ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರೋರನ್ನ ಮೊದ್ಲೇ ಗುರುತಿಸಿ ತಡೆಯೋದು, ಅದು ಕಾಲೇಜಿಂದ ಬಂದ ಹುಡುಗ್ರಿಗೆಲ್ಲ ಒಂದೆರಡು ವರ್ಷ ಹಿಡಿಯುತ್ತೆ.

ಸೆಪ್ಟೆಂಬರ್‌ನಲ್ಲಿ ಮೊದ್ಲ ಮೂರ್ನಾಲ್ಕು ಮ್ಯಾಚ್ ನೋಡಿ, ಮೊದಲ್ನೇ ಕೈ ಗೆರೆಯಿಂದ ಎರಡು ಗಜ ಆಚೆ ಬೀಳೋಕೆ ಶುರುವಾದ್ರೆ ಭಾವಂಗೆ ಫೋನ್ ಮಾಡಿ ಹೇಳಿ.