ಏರು, ಇಳಿಜಾರು, ಹಳ್ಳ: ಕಾಡುಬೆಟ್ಟದ ಚಾರಣಿಗರ ಪ್ರಶ್ನೆಗಳು

ಪ್ರಶ್ನೆ: ನಾವು ಆರಿಸಿಕೊಂಡಿರುವ ಕಾಡುದಾರಿ ಹೋಗಿಬರಲು ಒಟ್ಟು 14 ಕಿ.ಮೀ., ಏರು 1,200 ಮೀಟರ್. ರಸ್ತೆಯಲ್ಲಾದರೆ ಇಷ್ಟು ದೂರ ಮೂರು ಗಂಟೆಯಲ್ಲಿ ನಡೆಯುತ್ತೇವೆ. ಬೆಳಿಗ್ಗೆ 10ಕ್ಕೆ ಹೊರಟರೆ ಸಾಕೇ?

ಉತ್ತರ: ಸಾಲದು. ನಿಮ್ಮ ಹೊತ್ತನ್ನು ತಿನ್ನುವುದು ಆ 1,200 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದಕ್ಕೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಕೂಡಿಸಿ. ಇಳಿಜಾರು ಕಡಿದಾಗಿದ್ದರೆ (12 ಡಿಗ್ರಿಗಿಂತ ಹೆಚ್ಚು) ಪ್ರತಿ 300 ಮೀಟರ್ ಇಳಿಕೆಗೆ 10 ನಿಮಿಷ ಸೇರಿಸುವ ತಿದ್ದುಪಡಿ ಆಮೇಲೆ ಬಂತು.

ನಿಮ್ಮ ದಾರಿಗೆ ಇದನ್ನು ಹಚ್ಚಿ ನೋಡೋಣ. ಹತ್ತಲು 7 ಕಿ.ಮೀ.ಗೆ 1 ಗಂಟೆ 24 ನಿಮಿಷ, ಏರಿಗೆ 2 ಗಂಟೆ, ಒಟ್ಟು 3 ಗಂಟೆ 24 ನಿಮಿಷ. ಇಳಿಯಲು 1 ಗಂಟೆ 24 ನಿಮಿಷದ ಜತೆಗೆ, ಇಳಿಜಾರೆಲ್ಲ ಕಡಿದೆಂದೇ ಹಿಡಿದರೆ, 40 ನಿಮಿಷ. ಇದು ಗಟ್ಟಿ ನಡಿಗೆಯವರ, ಒಳ್ಳೆಯ ಕಾಲುದಾರಿಯ ಲೆಕ್ಕ. ಇದರಲ್ಲಿ ವಿಶ್ರಾಂತಿ ಸೇರಿಲ್ಲ. ಬೇರು, ಒದ್ದೆ ಎಲೆ, ಅಡ್ಡ ಬಿದ್ದ ಮರಗಳಿರುವ ಕಾಡಿನಲ್ಲಿ ಕಾಲುಭಾಗ ಹೆಚ್ಚಿಸಿ. ದಣಿವಾರಿಸಿಕೊಳ್ಳಲು ಹತ್ತುವಾಗ ಅರ್ಧ ಗಂಟೆ, ಇಳಿಯುವಾಗ 20 ನಿಮಿಷ ಬೇಕು. ಬೆಳಿಗ್ಗೆ 7ಕ್ಕೆ ಹೊರಟರೆ ತುದಿ ಮುಟ್ಟುವುದು 11:45ಕ್ಕೆ. ಅಲ್ಲಿ ಅರ್ಧ ಗಂಟೆ ಕೂತರೂ 3:10ರ ಹೊತ್ತಿಗೆ ಕೆಳಗಿರುತ್ತೀರಿ. ದಾರಿ ತಪ್ಪಿದರೆ, ಕಾಲು ಉಳುಕಿದರೆ ಕೈಯಲ್ಲಿ ಸ್ವಲ್ಪ ಬೆಳಕು ಉಳಿದಿರುತ್ತದೆ. 10ಕ್ಕೆ ಹೊರಟರೆ ಆ ಉಳಿಕೆಯೇ ಇಲ್ಲ. ದಟ್ಟ ಮರಗಳ ಕೆಳಗೆ ಸೂರ್ಯ ಮುಳುಗುವ ಮೊದಲೇ ಕತ್ತಲಾಗುತ್ತದೆ. ಗುಂಪಿನಲ್ಲಿ ಅತಿ ನಿಧಾನಿಯ ವೇಗವೇ ಎಲ್ಲರ ವೇಗ ಎಂದು ಲೆಕ್ಕ ಹಾಕಿ. ಹೊರಡುವ ಮೊದಲೇ ತಿರುಗುವ ಸಮಯ ಗೊತ್ತುಮಾಡಿ. ಉದಾಹರಣೆಗೆ, ಮಧ್ಯಾಹ್ನ 12:30. ತುದಿಗೆ ಇನ್ನು ಹತ್ತೇ ನಿಮಿಷ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಅವರ ಮಾತು ಕೇಳಬೇಡಿ. ಹಣೆಗೆ ಕಟ್ಟುವ ಟಾರ್ಚ್ ತಲೆಗೊಂದು ಇರಲಿ.

ಪ್ರಶ್ನೆ: ಹತ್ತುವಾಗ ಏನೂ ಆಗುವುದಿಲ್ಲ. ಇಳಿಯುವಾಗ ತೊಡೆ ನಡುಗುತ್ತದೆ, ಎರಡು ದಿನ ಮೆಟ್ಟಿಲಿಳಿಯಲು ಆಗುವುದಿಲ್ಲ. ಏಕೆ?

ಉತ್ತರ: ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಈ ಬಗೆಯ ಕೆಲಸದಲ್ಲಿ ಉಸಿರು ಕಡಿಮೆ ಖರ್ಚಾಗುತ್ತದೆ, ಆದರೆ ಎಳೆಗಳಿಗೆ ಸೂಕ್ಷ್ಮ ಪೆಟ್ಟು ಹೆಚ್ಚು. ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಏರುವುದು ಇದರಿಂದಲೇ.

ಸ್ನಾಯುವಿಗೆ ಮುಂಚೆಯೇ ರೂಢಿ ಮಾಡಿಸುವುದೊಂದೇ ನಿಜವಾದ ಪರಿಹಾರ. ಓಡುವುದು, ಸೈಕಲ್ ತುಳಿಯುವುದು ದಮ್ಮು ಹೆಚ್ಚಿಸುತ್ತವೆ. ಇಳಿಜಾರಿಗೆ ಇಳಿದೇ ಕಲಿಯಬೇಕು. ನಾಲ್ಕಾರು ವಾರ ಮೊದಲಿನಿಂದ ವಾರಕ್ಕೆ ಎರಡು ಬಾರಿ ಬಹುಮಹಡಿ ಕಟ್ಟಡದ ಮೆಟ್ಟಿಲು ಹತ್ತಿ, ನಿಧಾನವಾಗಿ ಇಳಿಯಿರಿ. ಲಿಫ್ಟಿನಲ್ಲಿ ಇಳಿದರೆ ಅಭ್ಯಾಸದ ಮುಖ್ಯ ಭಾಗವೇ ತಪ್ಪಿತು. ಬೆಟ್ಟದಲ್ಲಿ ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ. ಎರಡು ಚಾರಣದ ಕೋಲುಗಳಿದ್ದರೆ ಇಳಿಯುವ ಮೊದಲು 5–10 ಸೆಂ.ಮೀ. ಉದ್ದಮಾಡಿ, ಕೋಲನ್ನು ಕಾಲಿಗಿಂತ ಮುಂಚೆ ಊರಿ. ಶೂ ಲೇಸನ್ನು ಕಣಕಾಲಿನ ಬಳಿ ಬಿಗಿದು ಕಟ್ಟಿ. ಇಲ್ಲದಿದ್ದರೆ ಪಾದ ಮುಂದೆ ಜಾರಿ, ಬೆರಳು ಬಡಿದು ಉಗುರು ಕಪ್ಪಾಗುತ್ತದೆ. ಮಂಡಿ ಊದಿಕೊಂಡರೆ ಅದು ಬೇರೆ ವಿಷಯ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕಾಡೊಳಗೆ ಫೋನಿನ ನಕ್ಷೆಯಲ್ಲಿ ನಮ್ಮ ಗುರುತು ಅತ್ತಿತ್ತ ನೆಗೆಯುತ್ತದೆ. ನಂಬಬಹುದೇ?

ಉತ್ತರ: ಅರೆಬರೆ. ಉಪಗ್ರಹದ ಸಂಕೇತ ಮರಗಳಿಗೆ, ಬಂಡೆಗಳಿಗೆ ತಾಗಿ ಪ್ರತಿಫಲಿಸಿ ತಡವಾಗಿ ಬರುತ್ತದೆ. ಒದ್ದೆ ಎಲೆಗಳು ಅದನ್ನು ಹೀರುತ್ತವೆ. ನಿಂತು ಒಂದೆರಡು ನಿಮಿಷ ಕಾಯಿರಿ, ಆಮೇಲೆ ಸುತ್ತಲಿನ ಏಣು, ಕಣಿವೆ ನಕ್ಷೆಯ ಸಮೋನ್ನತಿ ರೇಖೆಗಳಿಗೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿಗೆ) ಹೊಂದುತ್ತವೆಯೇ ನೋಡಿ. ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಇಲ್ಲದಿದ್ದರೆ ಟವರ್ ಹುಡುಕುವುದರಲ್ಲೇ ಬ್ಯಾಟರಿ ಖಾಲಿ.

ಪ್ರಶ್ನೆ: ಬೆಳಿಗ್ಗೆ ಪಾದ ಮುಳುಗುವಷ್ಟೇ ಇದ್ದ ಹಳ್ಳ ವಾಪಸು ಬರುವಾಗ ಮಂಡಿ ದಾಟಿತ್ತು. ನಾವಿದ್ದಲ್ಲಿ ಮಳೆಯೇ ಬಂದಿರಲಿಲ್ಲ. ದಾಟಬಹುದಿತ್ತೇ?

ಉತ್ತರ: ಮೇಲಿನ ಇಳಿಜಾರಿನಲ್ಲಿ ಬಿದ್ದ ಮಳೆ ನಿಮ್ಮ ಹತ್ತಿರ ಬಂದಿದೆ. ರಭಸದ ನೀರು ಮಂಡಿ ದಾಟಿದ್ದರೆ, ಕೆಂಪಾಗಿ ಕದಡಿದ್ದರೆ, ಕೊಂಬೆಗಳು ತೇಲಿಬರುತ್ತಿದ್ದರೆ ಇಳಿಯಬೇಡಿ. ಬೆಟ್ಟದ ಚಿಕ್ಕ ಹಳ್ಳ ಬೇಗ ಏರಿದಂತೆ ಸಾಮಾನ್ಯವಾಗಿ ಮಳೆ ನಿಂತ ಮೇಲೆ ಬೇಗ ಇಳಿಯುತ್ತದೆ. ದಡದಿಂದ ಎತ್ತರದಲ್ಲಿ ಕೂತು ಕಾಯಿರಿ. ನೀರು ಇಳಿದ ಮೇಲೆ ದಾಟಲು ಅಗಲವಾದ ಜಾಗ ಹುಡುಕಿ, ಏಕೆಂದರೆ ಇಕ್ಕಟ್ಟಿನಲ್ಲಿ ನೀರು ಆಳವೂ ಹೌದು, ವೇಗವೂ ಹೌದು. ಕೆಳಗೆ ಜಲಪಾತವಿದ್ದರೆ ಆ ಜಾಗ ಬೇಡವೇ ಬೇಡ. ಶೂ ಕಳಚಬೇಡಿ. ಬ್ಯಾಗಿನ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿಡಿ. ಬಿದ್ದರೆ ಬ್ಯಾಗನ್ನು ಕೂಡಲೇ ಕಳಚಬಹುದು. ನೀರು ಬರುವ ಕಡೆಗೆ ಮುಖಮಾಡಿ, ಕೋಲೂರಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲಷ್ಟೇ ಇನ್ನೊಂದನ್ನು ಎತ್ತಿ ಅಡ್ಡಡ್ಡವಾಗಿ ಸರಿಯಿರಿ.