ಪಾತ್ರದ ಬಟ್ಟೆ ಯಾರು ಒಗೆಯುತ್ತಾರೆ?

ಪ್ರಶ್ನೆ: ಕಿರುಚಿತ್ರ ಮಾಡುತ್ತಿದ್ದೇನೆ. ನಾಯಕ ಕೆಲಸ ಕಳೆದುಕೊಂಡ ಗುಮಾಸ್ತ. ಬಟ್ಟೆ ಎಲ್ಲ ಹೊಸದಾಗಿ ಹೊಲಿಸಿದೆವು, ಆದರೂ ಕ್ಯಾಮೆರಾದಲ್ಲಿ ವೇಷ ಹಾಕಿಕೊಂಡ ಹಾಗೆ ಕಾಣುತ್ತಿದೆ. ಏನು ಮಾಡಲಿ?

ಉತ್ತರ: ಹೊಸದಾಗಿ ಹೊಲಿಸಿದ್ದೇ ತೊಂದರೆ. ಬಟ್ಟೆಗೆ ಕೈ ಹಾಕುವ ಮೊದಲು ಆ ಮನುಷ್ಯನ ಬದುಕು ವಿಚಾರಿಸಿ. ಅವನ ಬಟ್ಟೆ ಯಾರು ಒಗೆಯುತ್ತಾರೆ? ಈಗಲೂ ಇಸ್ತ್ರಿ ಮಾಡುತ್ತಾನಾ? ಕೆಲಸ ಹೋದ ಮೇಲೆ ಇಳಿದುಹೋಗಿದ್ದಾನಾ? ಇಳಿದಿದ್ದರೆ ಒಂದು ಸೈಜ್ ದೊಡ್ಡ ಶರ್ಟ್ ಹಾಕಿಸಿ, ಮೇಲಿನ ಗುಂಡಿ ಹಾಕಿದರೂ ಕಾಲರ್ ಕತ್ತಿಗೆ ತಾಗದೆ ನಿಲ್ಲಲಿ. ಬೆಲ್ಟಿನಲ್ಲಿ ಹಳೆಯ ತೂತಿನ ಹತ್ತಿರ ಬಕಲ್ ಒತ್ತಿದ ಗುರುತು ಇರಲಿ, ಅದಕ್ಕಿಂತ ಒಳಗೆ ಮೊಳೆಯಲ್ಲಿ ಚುಚ್ಚಿದ ಹೊಸ ತೂತು ಇರಲಿ. ಇಷ್ಟು ಕಂಡರೆ ಸಾಕು, ಅವನ ಕಷ್ಟವನ್ನು ಸಂಭಾಷಣೆಯಲ್ಲಿ ಹೇಳಿಸಬೇಕಾಗಿಲ್ಲ.

ಆಮೇಲೆ ಬಟ್ಟೆಯನ್ನು ಹಳೆಯದು ಮಾಡಬೇಕು. ಹಲವು ಸಲ ಒಗೆದು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ. ಎಲ್ಲ ಕಡೆ ಸುಮ್ನೆ ಉಜ್ಜಬೇಡಿ, ನಿಜವಾಗಿ ಸವೆಯುವ ಜಾಗದಲ್ಲಿ ಮಾತ್ರ: ಕಾಲರಿನ ಮಡಿಕೆ, ಜೇಬಿನ ಬಾಯಿ, ಗುಮಾಸ್ತ ಅಲ್ವಾ, ಮೇಜಿನ ಮೇಲೆ ಊರಿ ಊರಿ ತೆಳ್ಳಗಾದ ಮೊಣಕೈ. ಅಚ್ಚ ಬಿಳಿ ಬಟ್ಟೆ ಲೈಟಿನಲ್ಲಿ ಕಣ್ಣಿಗೆ ಹೊಡೆಯುತ್ತದೆ, ಅದಕ್ಕೇ ತೆಳು ಚಹಾ ನೀರಿನಲ್ಲಿ ಅದ್ದಿ ಬಣ್ಣ ತಗ್ಗಿಸುತ್ತಾರೆ. ಒತ್ತೊತ್ತಾದ ಸಣ್ಣ ಗೆರೆಯ ಶರ್ಟ್ ಬೇಡ, ಡಿಜಿಟಲ್ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಮಿನುಗುತ್ತದೆ.

ಪ್ರಶ್ನೆ: ಕಥೆಯಲ್ಲಿ ಆರು ತಿಂಗಳು ಕಳೆಯುತ್ತದೆ, ಶೂಟಿಂಗ್ ಒಂದೇ ವಾರ. ಕೂದಲು ಬೆಳೆದಿದ್ದನ್ನು ತೋರಿಸುವುದು ಹೇಗೆ? ವಿಗ್ ಹಾಕಲೇಬೇಕಾ?

ಉತ್ತರ: ಬೇಡ, ಕಥೆಯ ಕೊನೆಯ ಭಾಗವನ್ನೇ ಮೊದಲು ಶೂಟ್ ಮಾಡಿ. ತಲೆಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಹಾಗಾಗಿ ನಟನಿಗೆ ಮೊದಲೇ ಹೇಳಿ ಕೂದಲು ಬಿಡಿಸಿ, ಉದ್ದ ಕೂದಲಿನ ದೃಶ್ಯ ಮುಗಿಸಿಕೊಂಡು ಆಮೇಲೆ ಕತ್ತರಿ ಹಾಕಿದರಾಯಿತು. ಕತ್ತರಿಸಿದ ಮೇಲೆ ವಾಪಸ್ ಹೋಗಲು ದಾರಿಯಿಲ್ಲ, ಆದ್ದರಿಂದ ಒಂದು ಶಾಟೂ ಬಾಕಿ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ವಿಗ್ ಬೇಕೇ ಬೇಕು ಅಂತಾದರೆ ಲೇಸ್ ವಿಗ್ ನೋಡಿ, ಹಣೆಯ ಅಂಚಿನಲ್ಲಿ ತೆಳು ಬಲೆಗೆ ಒಂದೊಂದೇ ಎಳೆ ಕಟ್ಟಿರುತ್ತಾರೆ, ಕ್ಲೋಸಪ್ಪಿನಲ್ಲೂ ಅಷ್ಟಾಗಿ ಗೊತ್ತಾಗುವುದಿಲ್ಲ. ಪ್ರತಿ ದೃಶ್ಯ ಮುಗಿದಾಗಲೂ ಮುಂದೆ, ಹಿಂದೆ, ಎರಡೂ ಪಕ್ಕ ಫೋಟೋ ತೆಗೆದಿಡಿ. ಬೈತಲೆ ಯಾವ ಕಡೆ ಇತ್ತು, ತೋಳು ಎಷ್ಟು ಸುತ್ತು ಮಡಚಿತ್ತು ಅನ್ನುವುದು ಮಾರನೇ ದಿನ ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ಬಟ್ಟೆಯಲ್ಲೇ ಒಬ್ಬರ ಬದಲಾವಣೆ ತೋರಿಸಿದ್ದಕ್ಕೆ ಒಳ್ಳೆಯ ಉದಾಹರಣೆ?

ಉತ್ತರ: 1982ರ ‘ಗಾಂಧಿ’. ಕೋಟು, ಟೈ ಹಾಕಿದ ಬ್ಯಾರಿಸ್ಟರ್ ಕೊನೆಗೆ ತುಂಡು ಪಂಚೆಗೆ ಬರುವವರೆಗಿನ ದಾರಿ ಪೂರ್ತಿ ಬಟ್ಟೆಯಲ್ಲಿದೆ. ಇದರ ವಸ್ತ್ರವಿನ್ಯಾಸಕ್ಕೇ ಭಾನು ಅಥೈಯಾ ಅವರು ಜಾನ್ ಮೊಲ್ಲೊ ಜೊತೆ 1983ರಲ್ಲಿ ಆಸ್ಕರ್ ಪಡೆದರು, ಆಸ್ಕರ್ ಗೆದ್ದ ಮೊದಲ ಭಾರತೀಯರು ಅವರೇ. ಒಂದು ಸಲ ಶಬ್ದ ಪೂರ್ತಿ ಬಂದ್ ಮಾಡಿ, ಬರೀ ಬಟ್ಟೆ ಗಮನಿಸುತ್ತಾ ನೋಡಿ.